ಹುಣಸೆ ಕುಟ್ಟುತ್ತಾ ಕಲಿತ ಭಾಷಣ

ಹೊಸ ಹುಣಸೆಹಣ್ಣಿನ ವಾಸನೆ ಬಂದರೆ ಬೇರೆಯವರಿಗೆ ಬಾಯಲ್ಲಿ ನೀರು ಬರುತ್ತೆ. ನನಗೆ ಭಾಷಣ ಬರುತ್ತೆ. ನಗಬೇಡಿ, ನಿಜ. ಮೊನ್ನೆ ಶೆಟ್ಟಿಹಳ್ಳಿಯ ನಮ್ಮ ಈಗಿನ ಮನೆಯ ಮಹಡಿ ಮೇಲೆ ಬಟ್ಟೆ ಒಣಗಿಹಾಕೋಕೆ ಹೋದೆ. ಪಕ್ಕದ ಮನೆಯವರು ಹಳೇ ಸೀರೆ ಹಾಸಿ ಹುಣಸೆಹಣ್ಣು ಬಿಸಿಲಿಗೆ ಹರಡಿದ್ದರು. ಗಾಳಿ ನಮ್ಮ ಕಡೆ ತಿರುಗಿತು. ಹಿಂಡಿದ ಟವೆಲ್ಲು ಕೈಯಲ್ಲಿ ಹಾಗೇ ಉಳಿಯಿತು, ಬಾಯಿ ತನ್ನ ಪಾಡಿಗೆ ತಾನು ಶುರು ಮಾಡಿತು: ‘ವೇದಿಕೆಯ ಮೇಲೆ ಆಸೀನರಾಗಿರುವ ಗೌರವಾನ್ವಿತ ಅಧ್ಯಕ್ಷರೇ, ತಕ್ಕಡಿಯಂತೆ ಸಮನಾಗಿ ತೂಗುವ ತೀರ್ಪುಗಾರರೇ, ಸಮಯಪಾಲಕರೇ, ನನ್ನ ನೆಚ್ಚಿನ ಸಹಸ್ಪರ್ಧಿಗಳೇ...’

ಪಕ್ಕದ ಮನೆಯಾಕೆ ತಲೆಯೆತ್ತಿ, ‘ಏನ್ ಮೇಡಂ, ಸ್ಕೂಲಲ್ಲಿ ಫಂಕ್ಷನ್ನಾ?’ ಅಂದರು. ‘ಹೂಂ ಕಣ್ರೀ’ ಅಂದೆ. ಇನ್ನೇನು ಹೇಳಲಿ? ಮಹಡಿಯ ಗೋಡೆಗೆ ಒರಗಿ ಕೂತುಬಿಟ್ಟೆ. ಬಟ್ಟೆ ಬಕೆಟ್ಟಿನಲ್ಲೇ ಇತ್ತು. ನಾನು ನಮ್ಮೂರ ಮನೆಯ ಒಳಂಗಳದ ಹಟ್ಟಿಯಲ್ಲಿದ್ದೆ.

ಆ ವರ್ಷ ನಾನು ಹತ್ತನೇ ಕ್ಲಾಸು. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಗುಬ್ಬಿಯಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ಊರು ನಮ್ಮದು. ಸಂಕ್ರಾಂತಿ ಕಳೆದು ಶಿವರಾತ್ರಿ ಬರುವವರೆಗಿನ ದಿನಗಳು ಅಲ್ಲಿ ಒಂಥರಾ ಅರೆನಿದ್ದೆಯ ದಿನಗಳು. ಬೆಳಗ್ಗೆ ಮಂಜು ಎಷ್ಟು ಬೀಳುತ್ತಿತ್ತೆಂದರೆ ಎದುರುಮನೆಯ ಎಮ್ಮೆ ಕಾಣುತ್ತಿರಲಿಲ್ಲ, ಅದರ ಗಂಟೆ ಮಾತ್ರ ಕೇಳಿಸುತ್ತಿತ್ತು. ಒಂಬತ್ತು ಗಂಟೆಗೆ ಮಂಜು ಕರಗಿ ಎಳೇ ಬಿಸಿಲು ಹಟ್ಟಿಗೆ ಇಳಿಯುತ್ತಿತ್ತು. ನಮ್ಮ ಹೊಲದ ಬದುವಿನಲ್ಲಿ ಆರು ಹುಣಸೆ ಮರ. ಕಾಯಿ ಬಡಿದು, ಮೇಲಿನ ತೊಗಟೆ ಬಿಡಿಸಿ, ಮನೆಯೊಳಗೆ ಕೆಂಪಗೆ ಗುಡ್ಡೆ ಹಾಕಿರುತ್ತಿದ್ದರು. ಅವ್ವ ಒಂದು ಚಪ್ಪಟೆ ಕಲ್ಲಿನ ಮುಂದೆ ಕಾಲು ಚಾಚಿ ಕೂತು, ಮರದ ಕೊಡತಿಯಿಂದ ಹಣ್ಣನ್ನು ಕುಟ್ಟಿ ಬೀಜ ಹಾರಿಸುತ್ತಿದ್ದಳು. ಟಕ್, ಟಕ್, ಟಕ್. ಇಡೀ ಊರಿನ ಹಟ್ಟಿಗಳಲ್ಲಿ ಅದೇ ಸದ್ದು. ಮಲಗಿದ್ದರೆ ಕನಸಿನಲ್ಲೂ ಯಾರೋ ಕುಟ್ಟುತ್ತಿದ್ದರು. ಮನೆ, ಕೌದಿ, ನಮ್ಮ ತಲೆಗೂದಲು, ಎಲ್ಲಾ ಹುಳಿ ಹುಳಿ ವಾಸನೆ.

ನನ್ನ ಹೆಸರು ಸಾಕಮ್ಮ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಾಲಾಗಿ ಹೆಣ್ಣೇ ಹುಟ್ಟುತ್ತಾ ಹೋದರೆ ಕೊನೆಯದಕ್ಕೆ ಈ ಹೆಸರಿಡುತ್ತಿದ್ದರು, ಹೆಣ್ಣು ಇನ್ನು ಸಾಕು ಅಂತ ದೇವರಿಗೆ ಅರ್ಜಿ ಹಾಕಿದ ಹಾಗೆ. ನಾನು ಐದನೆಯವಳು. ತೊಟ್ಟಿಲಿಗೆ ಹಾಕಿದ ದಿನ ಅಪ್ಪನ ತಾಯಿ, ನಮ್ಮಜ್ಜಿ, ನನ್ನ ಕಿವಿಯಲ್ಲಿ ಮೂರು ಸಲ ಈ ಹೆಸರು ಹೇಳಿದಳಂತೆ. ಅರ್ಜಿ ದೇವರಿಗೆ ಸ್ವಲ್ಪ ಜೋರಾಗಿಯೇ ಕೇಳಿಸಿರಬೇಕು. ನನ್ನ ಬೆನ್ನಿಗೆ ಹೆಣ್ಣೂ ಹುಟ್ಟಲಿಲ್ಲ, ಗಂಡೂ ಹುಟ್ಟಲಿಲ್ಲ. ಹೆಸರಿನ ಮೇಲೆ ನನಗೆ ಆಗ ಸಿಟ್ಟೇನೂ ಇರಲಿಲ್ಲ. ಊರಲ್ಲಿ ಇನ್ನೂ ಇಬ್ಬರು ಸಾಕಮ್ಮಂದಿರಿದ್ದರು.

ನಮ್ಮ ಹೈಸ್ಕೂಲಿಗೆ ಒಂದು ದಿನ ಸುತ್ತೋಲೆ ಬಂತು. ‘ರಾಷ್ಟ್ರದ ಜ್ವಲಂತ ಸಮಸ್ಯೆಗಳು’ ಅಂತ ಭಾಷಣ ಸ್ಪರ್ಧೆ. ಮೊದಲು ಗುಬ್ಬಿ, ಆಮೇಲೆ ನಾಲ್ಕೈದು ತಾಲ್ಲೂಕು ಸೇರಿಸಿ ಕುಣಿಗಲ್, ಅಲ್ಲಿಂದ ಆಯ್ಕೆಯಾದವರಿಗೆ ತುಮಕೂರಲ್ಲಿ ಜಿಲ್ಲಾ ಮಟ್ಟದ್ದು. ನಮ್ಮ ಕನ್ನಡ ಮೇಷ್ಟ್ರು ರಂಗಪ್ಪನವರಿಗೆ ಇಂಥದ್ದೆಂದರೆ ಊಟ ಬೇಡ, ನಿದ್ದೆ ಬೇಡ. ಕ್ಲಾಸಲ್ಲಿ ನನ್ನ ಗಂಟಲು ದೊಡ್ಡದು ಅನ್ನೋದು ಒಂದೇ ಕಾರಣಕ್ಕೆ ನನ್ನನ್ನು ಆರಿಸಿದರು.

‘ಏನ್ಲೇ ಸಾಕಮ್ಮ, ಹೊಲದಲ್ಲಿ ಹಕ್ಕಿ ಓಡಿಸ್ತೀಯಲ್ಲ, ಅದೇ ಗಂಟಲಲ್ಲಿ ಹೇಳು. ಮಿಕ್ಕಿದ್ದು ನಾನು ನೋಡ್ಕಂತೀನಿ.’

ಮಿಕ್ಕಿದ್ದು ಅಂದರೆ ಭಾಷಣ. ಆ ಕಾಲದಲ್ಲಿ ಮಕ್ಕಳು ಭಾಷಣ ಬರೆಯುತ್ತಿರಲಿಲ್ಲ. ಮೇಷ್ಟ್ರು ಬರೆದುಕೊಡೋರು, ನಾವು ಉರು ಹೊಡೆಯೋರು. ಎಲ್ಲ ಶಾಲೆಯಲ್ಲೂ ಅದೇ ಪದ್ಧತಿ. ರಂಗಪ್ಪ ಮೇಷ್ಟ್ರು ಒಂದು ಹೆಜ್ಜೆ ಮುಂದೆ. ಫುಲ್‌ಸ್ಕೇಪ್ ಹಾಳೆಯಲ್ಲಿ ನೀಲಿ ಇಂಕಿನಲ್ಲಿ ಭಾಷಣ, ಅಂಚಿನಲ್ಲಿ ಕೆಂಪು ಪೆನ್ಸಿಲ್ಲಿನಲ್ಲಿ ಆಜ್ಞೆ: ‘ಇಲ್ಲಿ ಬಲಗೈ ಎತ್ತು.’ ‘ಇಲ್ಲಿ ಮೇಜು ಗುದ್ದು.’ ‘ಇಲ್ಲಿ ದನಿ ನಡುಗಿಸು.’ ನನಗೆ ಸಿಕ್ಕ ವಿಷಯ ಜನಸಂಖ್ಯಾ ಸ್ಫೋಟ. ನಾಲ್ಕು ಹಾಳೆಯ ಭಾಷಣದಲ್ಲಿ ಮೂರನೇ ಹಾಳೆಯ ಕೊನೆಗೆ ಒಂದು ಕಡೆ ‘ನಿಲ್ಲು. ಮನಸ್ಸಲ್ಲಿ ಮೂರು ಎಣಿಸು’ ಅಂತ ಬರೆದು, ಕೆಳಗೆ ದಪ್ಪ ಗೀಟು ಎಳೆದಿದ್ದರು. ಆಮೇಲೆ ಬರುವ ಸಾಲು ಇದು: ‘ಗಂಡು ಮಗುವಿನ ಆಸೆಗೆ ಹೆಣ್ಣುಗಳ ಸಾಲನ್ನೇ ಹೆತ್ತು, ದೇಶದ ತಲೆಯ ಮೇಲೆ ಹೊರೆ ಹೊರಿಸಿದ ಅಜ್ಞಾನಿ ತಾಯಂದಿರೇ, ಇನ್ನಾದರೂ ಕಣ್ಣು ತೆರೆಯಿರಿ!’

‘ಚಪ್ಪಾಳೆ ಬೀಳೋ ಜಾಗ ಇದು, ಹುಷಾರು’ ಅಂದರು ಮೇಷ್ಟ್ರು.

ಬೆಳಗ್ಗೆ ಸ್ಕೂಲಿಗೆ ಹೋಗುವ ಮುಂಚೆ, ಸಂಜೆ ಬಂದ ಮೇಲೆ, ಅವ್ವನ ಎದುರಿಗೆ ನಿಂತು ಉರು ಹೊಡೆಯುತ್ತಿದ್ದೆ. ಹುಣಸೆ ಗುಡ್ಡೆಯೇ ಸಭಿಕರು. ಮಗುಚಿದ ಮಂಕರಿ ಬುಟ್ಟಿ ನನ್ನ ಮೇಜು. ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ, ಹಾಳೆ ನೋಡಿ ತಪ್ಪು ಹಿಡಿಯೋಕಾಗಲ್ಲ. ಆದರೆ ನಾಲ್ಕೇ ದಿನಕ್ಕೆ ಅವಳ ಕೊಡತಿ ನನ್ನ ಮಾತಿನ ಜೊತೆ ಬೀಳತೊಡಗಿತು. ನಾನು ಓಡಿದರೆ ಓಡುತ್ತಿತ್ತು, ನಿಧಾನ ಮಾಡಿದರೆ ನಿಧಾನ. ಮೂರು ಎಣಿಸುವ ಜಾಗ ಬಂದರೆ ನಾನು ಎಣಿಸುವುದೇ ಬೇಕಿರಲಿಲ್ಲ. ಅವಳು ಟಕ್, ಟಕ್, ಟಕ್ ಅಂತ ಮೂರು ಏಟು ಹಾಕಿ ನನ್ನ ಮುಖ ನೋಡುತ್ತಿದ್ದಳು. ನಾನು ಬಲಗೈ ಎತ್ತಿ ‘ಅಜ್ಞಾನಿ ತಾಯಂದಿರೇ’ ಅಂತ ಅಬ್ಬರಿಸುತ್ತಿದ್ದೆ. ಅಡಿಗೆಮನೆಯಲ್ಲಿ ಬೆಕ್ಕು ಎದ್ದು ಓಡುತ್ತಿತ್ತು.

ಮೊದಲನೇ ದಿನ ಮಾತ್ರ ಆ ಸಾಲಿಗೆ ಕೊಡತಿ ಒಂದು ಕ್ಷಣ ಗಾಳಿಯಲ್ಲೇ ನಿಂತಿತ್ತು. ಬೆರಳಿಗೆ ಪೆಟ್ಟು ಬಿತ್ತೇನೋ ಅಂದುಕೊಂಡು, ‘ಏನಾಯ್ತವ್ವ?’ ಅಂದೆ. ‘ಏನಿಲ್ಲ, ಬೀಜ ಸಿಡೀತು. ನೀನು ಹೇಳು’ ಅಂದಳು.

ಈಗ ನೆನೆದರೆ ನನಗೆ ನಾನೇ ಎರಡು ಬಿಗಿಯಬೇಕು ಅನ್ನಿಸುತ್ತೆ. ಹದಿನೈದು ತುಂಬಿದ ಹುಡುಗಿ, ಅಷ್ಟೂ ತಿಳಿಯಬಾರದಾ? ತಿಳಿದಿರಲಿಲ್ಲ, ದೇವರಾಣೆ. ರಾಷ್ಟ್ರದ ಸಮಸ್ಯೆ ಅಂದರೆ ಎಲ್ಲೋ ಭೂಪಟದ ಮೇಲ್ಭಾಗದಲ್ಲಿ ಇರುತ್ತೆ, ದೆಹಲಿ ಹತ್ತಿರ ಎಲ್ಲೋ. ನಮ್ಮೂರಿಗೆ ಬಸ್ಸೇ ದಿನಕ್ಕೆ ಎರಡು, ಅಷ್ಟು ದೊಡ್ಡ ಸಮಸ್ಯೆ ಹೇಗೆ ಬರುತ್ತೆ? ಅಜ್ಞಾನಿ ತಾಯಂದಿರು ಅಂದರೆ ಪುಸ್ತಕದಲ್ಲಿ ಇರುವವರು. ಎದುರಿಗೆ ಕೂತು ಹುಣಸೆ ಕುಟ್ಟುವವಳು ಅವ್ವ. ಎರಡಕ್ಕೂ ಸಂಬಂಧವೇ ಇರಲಿಲ್ಲ.

ಗುಬ್ಬಿಯಲ್ಲಿ ಗೆದ್ದೆ. ಎಂಥಾ ಗೆಲುವು ಅಂತೀರಿ! ಆ ಸಾಲಿಗೆ ಹಿಂದಿನ ಬೆಂಚಿನವರು ಶಿಳ್ಳೆ ಹಾಕಿದರು. ಒಂದು ಕಪ್ಪು ಕೊಟ್ಟರು, ಕೈಯಲ್ಲಿ ಹಿಡಿದರೆ ಹಿಡಿಕೆ ಅಲ್ಲಾಡುತ್ತಿತ್ತು. ಮೇಷ್ಟ್ರು ಸೈಕಲ್ ತುಳಿದುಕೊಂಡು ನಮ್ಮ ಮನೆಗೇ ಬಂದರು. ಜಗಲಿ ಮೇಲೆ ಅಪ್ಪನ ಜೊತೆ ಊರಿನ ನಾಲ್ಕೈದು ಜನ ಕೂತಿದ್ದರು.

‘ನೋಡಪ್ಪ, ಹುಡುಗಿ ಚುರುಕಿದಾಳೆ. ಪರೀಕ್ಷೆ ಆದ್ಮೇಲೆ ತುಮಕೂರಲ್ಲಿ ಪಿಯುಸಿಗೆ ಸೇರ್ಸು. ಹಾಸ್ಟೆಲ್ಲಲ್ಲಿ ಸೀಟು ಕೊಡಿಸೋ ಜವಾಬ್ದಾರಿ ನಂದು’ ಅಂದರು ಮೇಷ್ಟ್ರು.

ಅಪ್ಪ ಕೆಟ್ಟವನಲ್ಲ. ನಗುನಗುತ್ತಾ ಇರುವ ಮನುಷ್ಯ. ಆದರೆ ನಾಲ್ಕು ಜನ ಎದುರಿಗೆ ಇದ್ದರೆ ಅವನಿಗೆ ಮಾತು ಹೆಚ್ಚು. ‘ಅಲ್ಲ ಸಾ, ದೊಡ್ಡವರು ನಾಲ್ಕು ಜನಾನೂ ಹತ್ತನೇದು ಮುಗಿಸಿ ಮದ್ವೆ ಆದ್ರು. ಇವಳಿಗೇನು ಕೊಂಬಾ?’ ಅಂದ. ಎಲ್ಲರೂ ನಕ್ಕರು. ನನ್ನ ಮುಖ ನೋಡಿದ, ಏನನ್ನಿಸಿತೋ, ತೊಡೆ ತಟ್ಟಿದ. ‘ಆಯ್ತು ಬುಡಿ. ಜಿಲ್ಲೇಲಿ ಫಸ್ಟ್ ಬರ್ಲಿ. ಬಂದ್ರೆ ಕಾಲೇಜು. ಬರ್ನಿಲ್ವಾ, ಮನೇಲಿರ್ಲಿ, ಗಂಡು ನೋಡಾನ.’

‘ಮಾತು ಅಂದ್ರೆ ಮಾತೇನಪ್ಪ?’

‘ಮಾತೇ ಸಾ. ಇಷ್ಟು ಜನ ಕೇಳಿಸ್ಕಂಡವ್ರಲ್ಲ.’

ಒಳಗೆ ಟಕ್ ಟಕ್ ಸದ್ದು ನಿಂತಿತ್ತು. ಅವ್ವ ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಗಂಡಸರು ಮಾತಾಡುವಾಗ ಅವಳು ಎಂದೂ ಬಾಯಿ ಹಾಕಿದವಳಲ್ಲ. ಅವತ್ತಿನಿಂದ ನನ್ನ ಪಾಲಿನ ಕೆಲಸವೂ ಅವಳದೇ ಆಯಿತು. ನೀರು ತರೋಕೆ ಎದ್ದರೆ, ‘ನೀನು ನಿಂತ್ಕ. ಹೇಳು. ಎರಡ್ನೇ ಹಾಳೇಲಿ ನಿನ್ನೆ ತಡವರಿಸಿದೆ’ ಅನ್ನುವಳು. ಹಾಳೆ ಯಾವುದು ಅಂತ ಅವಳಿಗೆ ಗೊತ್ತಾಗುತ್ತಿದ್ದುದು ಹೇಗೋ, ನನಗೆ ಈಗಲೂ ಗೊತ್ತಿಲ್ಲ.

ಕುಣಿಗಲ್ಲಿಗೆ ಮೇಷ್ಟ್ರ ಜೊತೆ ಎರಡು ಬಸ್ಸು ಬದಲಿಸಿ ಹೋದೆ. ಆ ದಿನ ನನಗೆ ಕನಸಿನ ಹಾಗೆ ನೆನಪಿದೆ. ದೊಡ್ಡ ಕೆರೆ, ಆಚೆ ದಡ ಕಾಣದಷ್ಟು ನೀರು, ನೀರಿನ ಮೇಲೆ ಇನ್ನೂ ಏಳದ ಮಂಜು. ಅಲ್ಲಿ ಹುಲಿಯೂರುದುರ್ಗದ ಹುಡುಗಿಯೊಬ್ಬಳು ಸಿಕ್ಕಳು, ಮಂಜುಳ ಅಂತ. ಎರಡು ಜಡೆ, ಹವಾಯಿ ಚಪ್ಪಲಿ. ನಿರುದ್ಯೋಗದ ಬಗ್ಗೆ ಮಾತಾಡಿದಳು. ಅವಳಿಗೆ ಬರೆದುಕೊಡೋಕೆ ಮೇಷ್ಟ್ರು ಇರಲಿಲ್ಲ, ವರ್ಗವಾಗಿ ಹೋಗಿದ್ದರಂತೆ. ಅದಕ್ಕೆ ಮೇಜು ಗುದ್ದಲಿಲ್ಲ, ದನಿ ನಡುಗಿಸಲಿಲ್ಲ. ಅವರಣ್ಣ ಕೆಲಸಕ್ಕೆ ಅರ್ಜಿ ಹಾಕಿ ಹಾಕಿ, ಪೋಸ್ಟ್‌ಮ್ಯಾನ್ ಬರುವ ಹೊತ್ತಿಗೆ ಬೆಟ್ಟ ಹತ್ತಿ ಕೂರುತ್ತಾನೆ, ಕಾಗದ ಬಂದಿಲ್ಲ ಅಂತ ಕೇಳಿಸಿಕೊಳ್ಳೋದು ಬೇಡ ಅಂತ. ಅಷ್ಟೇ ಹೇಳಿದಳು, ಮನೆಯಲ್ಲಿ ಅವ್ವನಿಗೆ ಹೇಳುವ ಹಾಗೆ. ಅವಳು ಫಸ್ಟ್, ನಾನು ಸೆಕೆಂಡ್. ಇಬ್ಬರಿಗೂ ತುಮಕೂರಿಗೆ ಅವಕಾಶ.

ಮಧ್ಯಾಹ್ನ ಕೆರೆ ಏರಿ ಮೇಲೆ ಇಬ್ಬರೂ ಬುತ್ತಿ ಬಿಚ್ಚಿದೆವು. ನನ್ನದು ಹುಳಿಯನ್ನ, ಅವಳದು ಚಪಾತಿ.

‘ನಿಮ್ಮನೇಲಿ ಎಷ್ಟು ಜನ ನೀವು?’ ಅಂದಳು.

‘ಐದು ಜನ. ಎಲ್ಲಾ ಹೆಣ್ಮಕ್ಳೇ. ನಾನೇ ಲಾಸ್ಟು.’

ಚಪಾತಿ ಹರಿಯುತ್ತಿದ್ದ ಕೈ ನಿಂತಿತು. ‘ಮತ್ತೆ ಸ್ಟೇಜ್ ಮೇಲೆ ನಿಮ್ಮವ್ವನ್ನೇ ಬೈದಲ್ಲೇ!’

ಕೊಂಕಿನಿಂದ ಹೇಳಿದ್ದಲ್ಲ. ಸುಮ್ಮನೆ, ಕಂಡದ್ದನ್ನು ಹೇಳಿದಳು. ನನ್ನ ಬಾಯಲ್ಲಿದ್ದ ಹುಳಿಯನ್ನ ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ. ಕೆರೆಯ ನೀರು ಬಿಸಿಲಿಗೆ ಹೊಳೆಯುತ್ತಿತ್ತು. ಎಷ್ಟೋ ದೂರದಿಂದ ಟಕ್, ಟಕ್, ಟಕ್ ಅಂತ ಮೂರು ಏಟು ಕೇಳಿಸಿದ ಹಾಗಾಯಿತು. ಅಯ್ಯೋ ಶಿವನೇ, ಇಷ್ಟು ದಿನ ಅವ್ವನನ್ನು ಎದುರಿಗೆ ಕೂರಿಸಿಕೊಂಡು, ಬೆಳಗ್ಗೆ ಒಂದು ಸಲ ಸಂಜೆ ಒಂದು ಸಲ, ಬಲಗೈ ಎತ್ತಿ ಎತ್ತಿ ಬೈದಿದ್ದೆ.

ವಾಪಸ್ ಬಸ್ಸಿನಲ್ಲಿ ಮೇಷ್ಟ್ರಿಗೆ ಹೇಳಿದೆ. ‘ಸಾ, ಆ ಸಾಲು ತೆಗೆದುಬುಡಾನ ಸಾ.’

‘ಯಾವ್ದು? ಅಜ್ಞಾನಿ ತಾಯಂದಿರಾ? ತಲೆ ಕೆಟ್ಟಿದ್ಯಾ ನಿನಗೆ? ಅದನ್ನ ತೆಗೆದ್ರೆ ಮಿಕ್ಕಿದ್ದು ಬರೀ ಅಂಕಿಅಂಶ. ಫಸ್ಟ್ ಬರ್ಬೇಕೋ ಬೇಡ್ವೋ?’

ಬರಬೇಕಿತ್ತು. ಅದೇ ಅಲ್ಲವಾ ಕಷ್ಟ. ಕಾಲೇಜು ಅಂದರೆ ನನಗೆ ಆಗ ಏನು ಗೊತ್ತಿತ್ತು? ಒಂದು ಸಲ ಅಕ್ಕನ ಮನೆಗೆ, ತುಮಕೂರಿನ ಪಕ್ಕದ ಕ್ಯಾತ್ಸಂದ್ರಕ್ಕೆ ಹೋದಾಗ, ಎದೆಗೆ ಪುಸ್ತಕ ಅವಚಿಕೊಂಡು ಹುಡುಗಿಯರು ಗುಂಪಾಗಿ ನಡೆದು ಹೋಗುತ್ತಿದ್ದರು. ಅವರಲ್ಲಿ ಒಬ್ಬಳು ಏನೋ ಹೇಳಿದಳು, ಎಲ್ಲರೂ ರಸ್ತೆಯಲ್ಲೇ ಜೋರಾಗಿ ನಕ್ಕರು. ನಮ್ಮೂರಲ್ಲಿ ಹುಡುಗಿಯರು ರಸ್ತೆಯಲ್ಲಿ ಹಾಗೆ ನಗುತ್ತಿರಲಿಲ್ಲ. ಆ ನಗು ನನಗೆ ಬೇಕಿತ್ತು. ಅದಕ್ಕೆ ಆ ಸಾಲು ಹೇಳಬೇಕಿತ್ತು.

ಆಮೇಲೆ ಮನೆಯಲ್ಲಿ ಉರು ಹೊಡೆಯುವುದನ್ನು ಬಿಟ್ಟೆ. ಹೊಲದ ಬದುವಿಗೆ ಹೋಗಿ ಮರಗಳಿಗೆ ಹೇಳಿ ಬರುತ್ತಿದ್ದೆ. ಅವ್ವ ಎರಡು ದಿನ ನೋಡಿದಳು. ‘ಯಾಕವ್ವ, ಮನೇಲಿ ಹೇಳ್ತಾನೇ ಇಲ್ಲ? ನನ್ನ ಕೊಡತಿ ಸದ್ದು ತೊಂದ್ರೆ ಆಗ್ತದಾ?’ ಅಂದಳು. ನಾನು ಗಂಟಲು ನೋವು ಅಂದೆ. ಅವಳು ಮೆಣಸಿನ ಕಷಾಯ ಮಾಡಿಕೊಟ್ಟಳು. ಇಲ್ಲದ ನೋವಿಗೆ ಮೂರು ದಿನ ಕಷಾಯ ಕುಡಿದೆ, ಮಾಡಿದ ಕರ್ಮ!

ತುಮಕೂರಿಗೆ ಹೊರಡುವ ಹಿಂದಿನ ದಿನ ಅವ್ವ, ‘ನಾನೂ ಬರ್ತೀನಿ’ ಅಂದಳು. ಅಪ್ಪನಿಗೆ ಹೇಳಿದ ನೆಪ ಬೇರೆ: ಕ್ಯಾತ್ಸಂದ್ರದ ಮಗಳಿಗೆ ಹೊಸ ಹುಣಸೆಹಣ್ಣು ಕೊಟ್ಟು ಬರಬೇಕು. ಬೇಡ ಅನ್ನೋಕೆ ನನಗೆ ಬಾಯಿ ಬರಲಿಲ್ಲ. ಬೆಳಗ್ಗೆ ಮೊದಲ ಬಸ್ಸಿನಲ್ಲಿ ಮೇಷ್ಟ್ರೂ ಸೇರಿ ನಾವು ಮೂವರು, ಅವ್ವನ ತೊಡೆಯ ಮೇಲೆ ಹುಣಸೆಹಣ್ಣಿನ ಚೀಲ. ಕಿಟಕಿಯ ಹೊರಗೆ ಮಂಜಿನೊಳಗೆ ತೆಂಗಿನ ತೋಟಗಳು ತೇಲಿ ಬಂದು ತೇಲಿ ಹೋಗುತ್ತಿದ್ದವು. ಅವ್ವ ಮದುವೆಗೆ ಹೊರಟವಳ ಹಾಗೆ ಹಸಿರು ಸೀರೆ ಉಟ್ಟಿದ್ದಳು. ಬಸ್ಸು ಹಾಗೇ ಹೋಗುತ್ತಾ ಇರಲಿ, ತುಮಕೂರು ಬರುವುದೇ ಬೇಡ ಅನ್ನಿಸಿತು ನನಗೆ.

ಬಂತು. ದೊಡ್ಡ ಸಭಾಂಗಣ, ತಲೆಯ ಮೇಲೆ ಉದ್ದ ಕಂಬಿಯ ಫ್ಯಾನುಗಳು, ಎದುರಿಗೆ ಮೈಕು. ತೀರ್ಪುಗಾರರು ಮೂವರು, ನಡುವೆ ಕನ್ನಡಕದ ಒಬ್ಬರು ಮೇಡಂ. ನನ್ನ ಸರದಿ ಹನ್ನೊಂದನೆಯದು. ಮೈಕಿನ ಮುಂದೆ ನಿಂತೆ. ಅವ್ವ ಕಟ್ಟಕಡೆಯ ಸಾಲಿನಲ್ಲಿ, ಕುರ್ಚಿಯ ತುದಿಗೆ ಕೂತು, ಚೀಲ ತಬ್ಬಿಕೊಂಡಿದ್ದಳು. ಅಷ್ಟು ದೂರದಿಂದಲೂ ಅವಳ ತುಟಿ ನನ್ನ ಜೊತೆ ಅಲ್ಲಾಡುವುದು ಕಾಣುತ್ತಿತ್ತು. ಅಧ್ಯಕ್ಷರೇ, ತೀರ್ಪುಗಾರರೇ, ಎಲ್ಲಾ ಅವಳೂ ಹೇಳುತ್ತಿದ್ದಳು.

ಮೊದಲ ಹಾಳೆ ಚೆನ್ನಾಗಿ ಹೋಯಿತು. ಎರಡನೆಯದಕ್ಕೆ ಮೇಜು ಗುದ್ದಿದೆ. ಮೂರನೆಯದರ ಕೊನೆ ಬಂತು. ನಿಲ್ಲು, ಮನಸ್ಸಲ್ಲಿ ಮೂರು ಎಣಿಸು. ನಿಂತೆ. ಒಂದು, ಎರಡು, ಮೂರು. ಬಲಗೈ ಎತ್ತಬೇಕಿತ್ತು. ಕೈ ಏಳಲಿಲ್ಲ. ನಾಲ್ಕು, ಐದು, ಆರು. ಫ್ಯಾನಿನ ಸದ್ದು. ಪಕ್ಕದಲ್ಲಿ ಮೇಷ್ಟ್ರು ಕಣ್ಣಲ್ಲೇ ‘ಹೇಳೇ, ಹೇಳೇ’ ಅನ್ನುತ್ತಿದ್ದರು. ಮರೆತಿರಲಿಲ್ಲ. ಒಂದೊಂದು ಅಕ್ಷರವೂ ನಾಲಿಗೆ ತುದಿಯಲ್ಲಿತ್ತು. ಹಸಿರು ಸೀರೆ ನೋಡಿಕೊಂಡು ಅದನ್ನು ಹೇಳೋದು ಹೇಗೆ?

ಆಗ ಹಿಂದಿನ ಸಾಲಿನಲ್ಲಿ ಅವ್ವ ಎದ್ದು ನಿಂತಳು. ಮಗಳು ಮರೆತುಬಿಟ್ಟಳು ಅಂದುಕೊಂಡಳೋ ಏನೋ. ಗಂಡಸರ ಎದುರಿಗೆ ಎಂದೂ ದನಿ ಎತ್ತದವಳು, ಅಷ್ಟು ದೊಡ್ಡ ಸಭೆಯಲ್ಲಿ, ಹೊಲದ ಆ ತುದಿಯಿಂದ ಕೂಗುವ ಹಾಗೆ ಕೂಗಿದಳು: ‘ಗಂಡು ಮಗುವಿನ ಆಸೆಗೆ ಹೆಣ್ಣುಗಳ ಸಾಲನ್ನೇ ಹೆತ್ತು, ದೇಶದ ತಲೆಯ ಮೇಲೆ ಹೊರೆ ಹೊರಿಸಿದ ಅಜ್ಞಾನಿ ತಾಯಂದಿರೇ! ಹೇಳವ್ವ, ಹೇಳು!’

ಒಂದು ಅಕ್ಷರ ತಪ್ಪಿರಲಿಲ್ಲ. ಸಭಾಂಗಣ ಹೋ ಅಂತ ನಕ್ಕಿತು. ಸಮಯಪಾಲಕರು ಗಂಟೆ ಬಾರಿಸಿದರು. ಚೀಲ ಜಾರಿ ಬಿದ್ದು, ಅವ್ವ ಬಗ್ಗಿ ಹುಣಸೆಹಣ್ಣು ಬಾಚಿಕೊಳ್ಳುತ್ತಿದ್ದಳು. ನನಗೆ ಏನಾಯಿತೋ, ಮೈಕು ಎದುರಿಗಿದೆ ಅನ್ನುವುದೂ ಮರೆತು ಹೇಳಿಬಿಟ್ಟೆ: ‘ಮರ್ತಿಲ್ಲ ಕಣವ್ವ. ಹೇಳಕ್ಕೆ ಆಗ್ತಿಲ್ಲ.’

ನಗು ನಿಂತಿತು. ನಾನು ಆ ಸಾಲನ್ನು ಬಿಟ್ಟು ನಾಲ್ಕನೇ ಹಾಳೆಗೆ ಹಾರಿ, ಉಳಿದದ್ದನ್ನು ಹೇಗೆ ಹೇಳಿದೆನೋ, ‘ನನ್ನ ಎರಡು ಮಾತುಗಳನ್ನು ಮುಗಿಸುತ್ತೇನೆ, ಜೈ ಹಿಂದ್, ಜೈ ಕರ್ನಾಟಕ’ ಅಂದು ಇಳಿದೆ.

ಮಂಜುಳ ಫಸ್ಟ್ ಬಂದಳು. ನನಗೆ ಹೊರಗಿನಿಂದ ಹೇಳಿಕೊಟ್ಟರು ಅನ್ನುವ ಕಾರಣಕ್ಕೆ ಅಂಕ ಕಳೆದು, ಸಮಾಧಾನಕರ ಬಹುಮಾನ ಅಂತ ಒಂದು ಸ್ಟೀಲ್ ಡಬ್ಬಿ ಕೊಟ್ಟರು. ಕೊಡುವಾಗ ಕನ್ನಡಕದ ಮೇಡಂ ಮೆಲ್ಲಗೆ, ‘ನಿಮ್ಮ ತಾಯಿನಾ?’ ಅಂದರು. ಹೂಂ ಅಂದೆ. ಡಬ್ಬಿಯನ್ನು ನನ್ನ ಕೈಗೆ ಕೊಟ್ಟವರು ಕೈಯನ್ನು ಸ್ವಲ್ಪ ಹೊತ್ತು ಬಿಡಲೇ ಇಲ್ಲ. ಮೇಷ್ಟ್ರು ಮಾತ್ರ ಗುಬ್ಬಿ ಬರುವವರೆಗೂ ನನ್ನ ಜೊತೆ ಮಾತಾಡಲಿಲ್ಲ. ಅಕ್ಕನ ಮನೆಗೆ ಹೋಗುವುದೂ ಮರೆತುಹೋಗಿತ್ತು. ಹುಣಸೆಹಣ್ಣು ನಮ್ಮ ಜೊತೆಗೇ ವಾಪಸ್ ಬಂತು. ಅವ್ವ ಕಿಟಕಿಯ ಹೊರಗೆ ನೋಡುತ್ತಾ ಒಂದೇ ಒಂದು ಸಲ, ‘ನಾನು ಬಾಯಿ ಹಾಕಬಾರದಿತ್ತು’ ಅಂದಳು. ನನಗೆ ಅವಳನ್ನು ತಬ್ಬಿಕೊಳ್ಳಬೇಕು ಅನ್ನಿಸಿತು, ತಬ್ಬಿಕೊಳ್ಳಲಿಲ್ಲ. ನಮ್ಮಲ್ಲಿ ಅದೆಲ್ಲ ಅಭ್ಯಾಸವಿರಲಿಲ್ಲ.

ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಜಗಲಿ ಮೇಲೆ ಅಪ್ಪ, ಜೊತೆಗೆ ಅವತ್ತು ಮಾತು ಕೇಳಿಸಿಕೊಂಡಿದ್ದ ಅದೇ ನಾಲ್ಕೈದು ಜನ.

‘ಏನಾಯ್ತು? ಫಸ್ಟಾ?’ ಅಂದ ಅಪ್ಪ.

ನಾನು ಡಬ್ಬಿ ಹಿಡಿದು ನಿಂತೆ. ಕಾಲೇಜು ಹೋಯಿತು, ರಸ್ತೆಯಲ್ಲಿ ನಗುವ ಹುಡುಗಿಯರು ಹೋದರು. ಮನಸ್ಸಲ್ಲೇ ಒಂದು, ಎರಡು ಅಂತ ಎಣಿಸುತ್ತಿದ್ದೆ, ಅಳು ತಡೆಯೋಕೆ. ಮೂರು ಆಗುವ ಮುಂಚೆ ಪಕ್ಕದಿಂದ ದನಿ ಬಂತು. ಯಾವಾಗಲೂ ಒಳಗೆ ಹೋಗಿಬಿಡುವ ಅವ್ವ ಅಲ್ಲೇ, ಅಂಗಳದಲ್ಲೇ, ಎಲ್ಲರ ಎದುರಿಗೆ ನಿಂತಿದ್ದಳು.

‘ಫಸ್ಟ್ ಬರೋಳು. ಮಧ್ಯದಲ್ಲಿ ಬಾಯಿ ಹಾಕಿ ಕೆಡಿಸಿದ್ದು ನಾನು. ತಪ್ಪು ನಂದು, ಅವಳ್ದಲ್ಲ. ಅವಳನ್ನ ಕಾಲೇಜಿಗೆ ಸೇರಿಸ್ಬೇಕು.’

ಕೂತಿದ್ದವರಲ್ಲಿ ಒಬ್ಬರು ಕೆಮ್ಮಿದರು. ಅಪ್ಪ ಅವ್ವನನ್ನು ನೋಡಿದ ನೋಟ ನನಗೆ ಈಗಲೂ ನೆನಪಿದೆ. ನಮ್ಮ ಬದುವಿನ ಹುಣಸೆ ಮರ ಬಾಯಿಬಿಟ್ಟು ಮಾತಾಡಿದ್ದರೂ ಅಷ್ಟು ಬೆರಗಾಗುತ್ತಿರಲಿಲ್ಲ. ಸ್ವಲ್ಪ ಹೊತ್ತು ಟವೆಲ್ಲಿನಿಂದ ಮುಖ ಒರೆಸಿದ. ಆಮೇಲೆ, ‘ಆಯ್ತು ಬುಡು. ಮೊದ್ಲು ಹತ್ತನೇದು ಪಾಸಾಗ್ಲಿ’ ಅಂದ. ಅಪ್ಪನ ಬಾಯಲ್ಲಿ ಅದು ಹೂಂ ಅಂದ ಹಾಗೆಯೇ.

ಒಳಗೆ ಹೋದವಳೇ ಅವ್ವ ಕೈಕಾಲು ತೊಳೆದು, ಏನೂ ಆಗಿಲ್ಲವೆಂಬಂತೆ ಕಲ್ಲಿನ ಮುಂದೆ ಕೂತಳು. ಟಕ್, ಟಕ್. ನಾನು ಎದುರಿಗೆ ಕೂತು ಬೀಜ ಆರಿಸತೊಡಗಿದೆ. ಒಂದು ಬೊಗಸೆ ಬೀಜ ಆದ ಮೇಲೆ ಕೇಳಿದೆ.

‘ಅವ್ವಾ, ಆ ಮಾತು ನಿನಗೇ ತಗಲ್ತದೆ ಅಂತ ಗೊತ್ತಿತ್ತಾ?’

‘ಮೊದ್ಲನೇ ದಿನಾನೇ ಗೊತ್ತಾಯ್ತು. ನನಗೇನು ಕಿವಿ ಕೇಳಲ್ವಾ?’

‘ಮತ್ತೆ ಅಷ್ಟು ಜನದ ಎದುರಿಗೆ ನೀನೇ ಯಾಕೆ ಹೇಳಿದೆ?’

‘ನೀನು ಗೆಲ್ಬೇಕಿತ್ತಲ್ಲ.’ ಕೊಡತಿ ಎರಡು ಏಟು ಬಿತ್ತು. ‘ನಿನ್ನ ತೊಟ್ಟಿಲಿಗೆ ಹಾಕಿದ ದಿನ ಬಾಯಿ ಬಿಡ್ಬೇಕಿತ್ತು ಕಣವ್ವ. ನನಗೆ ಬೇರೆ ಹೆಸರು ಮನಸ್ಸಲ್ಲಿತ್ತು. ನಿಮ್ಮಜ್ಜಿ ಸಾಕಮ್ಮ ಅಂದ್ರು, ಎಲ್ಲಾರೂ ಹೂಂ ಅಂದ್ರು. ನಾನು ನಿನ್ನನ್ನ ಮಡಿಲಲ್ಲಿ ಇಟ್ಕಂಡು ಸುಮ್ನೆ ಕೂತಿದ್ದೆ. ಇವತ್ತು ನೀನು ಅಲ್ಲಿ ಒಬ್ಳೇ ನಿಂತಿದ್ದೆ. ಇವತ್ತೂ ಸುಮ್ನೆ ಕೂತ್ಕಬೇಕಾಗಿತ್ತಾ?’

‘ಯಾವ ಹೆಸರಿತ್ತವ್ವ ಮನಸ್ಸಲ್ಲಿ?’

‘ಬುಡು, ಅದ್ಯಾಕೀಗ.’ ತಲೆ ಬಗ್ಗಿಸಿ ಕುಟ್ಟುತ್ತಾ ಹೋದಳು.

ಹತ್ತನೇದು ಪಾಸಾದೆ. ಹುಣಸೆ ಮುಗಿದು, ಮುಂಗಾರಿನ ಮೊದಲ ಮಳೆ ಬಿದ್ದು, ಊರಿಗೆ ಊರೇ ಬೇರೆ ವಾಸನೆಗೆ ತಿರುಗಿತ್ತು. ಮೇಷ್ಟ್ರು ಸಿಟ್ಟು ಮರೆತು ಹಾಸ್ಟೆಲ್ ಸೀಟಿಗೆ ಓಡಾಡಿದರು. ತುಮಕೂರಿಗೆ ನನ್ನನ್ನು ಬಿಡೋಕೆ ಬಂದದ್ದು ಅವ್ವ ಒಬ್ಬಳೇ. ಅದೇ ಹಸಿರು ಸೀರೆ. ಟ್ರಂಕು ಇಳಿಸಿದೆವು, ಸ್ಟೀಲ್ ಡಬ್ಬಿಯಲ್ಲಿ ಹುಣಸೆ ತೊಕ್ಕು ತುಂಬಿ ತಂದಿದ್ದಳು, ಕೊಟ್ಟಳು. ಗೇಟಿನ ಆಚೆ ಬಸ್ಸು ನಿಂತಿತ್ತು, ಕಂಡಕ್ಟರ್ ‘ಗುಬ್ಬಿ, ಗುಬ್ಬಿ’ ಅಂತ ಕೂಗುತ್ತಿದ್ದ. ಅವ್ವ ಮೆಟ್ಟಿಲು ಹತ್ತಿ, ಕಂಬಿ ಹಿಡಿದು ತಿರುಗಿದಳು. ಸುತ್ತ ಎಷ್ಟೊಂದು ಜನ ಇದ್ದರು. ಅವಳು ದನಿ ತಗ್ಗಿಸಲಿಲ್ಲ.

‘ಹುಷಾರಾಗಿರು, ಬರ್ತೀನಿ ಕಣೇ ಭಾಗ್ಯ.’

ಅದೊಂದೇ ಸಲ. ಮುಂದೆ ಅವಳು ತೀರಿಕೊಳ್ಳುವವರೆಗೂ ಎಲ್ಲರ ಹಾಗೆ ಸಾಕಮ್ಮ ಅಂತಲೇ ಕರೆದಳು. ಬಸ್ಸು ಹೊರಟು, ತಿರುವಿನಲ್ಲಿ ಹಸಿರು ಸೀರೆ ಮರೆಯಾಯಿತು. ನಾನು ಗೇಟಿನ ಹತ್ತಿರ ಡಬ್ಬಿ ತಬ್ಬಿಕೊಂಡು ನಿಂತೆ, ಮನಸ್ಸಲ್ಲಿ ಮೂರು ಎಣಿಸಿದೆ, ಆಮೇಲೆ ಆ ರಸ್ತೆಯಲ್ಲೇ ಜೋರಾಗಿ ಅಳೋಕೆ ಶುರು ಮಾಡಿದೆ.